ಲೆಕ್ಕಕ್ಕುಂಟು

ಬಾನ್ಸಾಂಗಿನಲ್ಲಿ ಅವತ್ತು ಸೈಕಲ್ಲುಗಳಿಗೆ ಮೌನವ್ರತ.
ಯಾರೂ ಬೆಲ್ಲು ಹೊಡೆಯುವ ಹಾಗಿಲ್ಲ;
ಡ್ರಮ್ಮಿನೊಳಗಿನ ಗಂಟೆಯೊಂದೇ ಮಾತಾಡಬೇಕು.

ನಮ್ಮ ಗ್ಯಾಂಬಿಯಾದಲ್ಲಿ ಮತವೆಂದರೆ ಗೋಲಿ.
ಗಾಜಿನದು, ಅಂಗೈಯಲ್ಲಿ ಬೇಗ ಬೆಚ್ಚಗಾಗುತ್ತದೆ.
ಪರದೆಯ ಹಿಂದೆ ಮೂರು ಡ್ರಮ್ಮು: ನೀಲಿ, ಬಿಳಿ, ಕಂದು.
ಕೊಳವೆಗೆ ಬಿಟ್ಟರೆ ಟಿಣ್ಣ್.
ಒಂದು ಟಿಣ್ಣ್ ಅಂದರೆ ಒಬ್ಬರು.
ಎರಡು ಕೇಳಿಸಿದರೆ ನಾನು ಎದ್ದು ನಿಲ್ಲುತ್ತೇನೆ.
ತಳದಲ್ಲಿ ಮರದ ಹೊಟ್ಟು ಹಾಸಿದ್ದೇವೆ,
ಬಿದ್ದ ಗೋಲಿ ಇನ್ನೊಂದಕ್ಕೆ ತಾಗಿ
ಸುಳ್ಳು ನುಡಿಯದಿರಲೆಂದು.

ನಾನು ಚಿಕ್ಕವಳಿದ್ದಾಗ ಒಮ್ಮೆ
ಡ್ರಮ್ಮುಗಳನ್ನು ಲಾರಿಗೆ ಹೇರಿಕೊಂಡು ಹೋದರು.
ನಡುರಾತ್ರಿ ದಾರಿಯಲ್ಲಿ ಟೈರು ಪಂಕ್ಚರಾಯಿತಂತೆ.
ಬೆಳಗ್ಗೆ ರೇಡಿಯೋ ಒಂದು ಅಂಕಿ ಹೇಳಿತು.
ಗೆದ್ದವನು ಐದು ವರ್ಷ
ನಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ.
ನಿಜವಾಗಿಯೇ ಗೆದ್ದಿದ್ದನೋ ಏನೋ, ಪಾಪ,
ಹೇಳುವವರು ಯಾರು?

ಈಗ ಇಲ್ಲೇ ಎಣಿಸುತ್ತೇವೆ, ಮೂರನೇ ಕ್ಲಾಸಿನ ಕೋಣೆಯಲ್ಲಿ,
ಬಾಗಿಲು ತೆರೆದಿಟ್ಟು.
ಮರದ ಹಲಗೆ, ಇನ್ನೂರು ಕುಳಿ.
ಗೋಲಿ ಸುರಿದು ಕೈಯಾಡಿಸಿದರೆ
ಒಂದೊಂದೂ ಒಂದೊಂದು ಗೂಡು ಹಿಡಿಯುತ್ತದೆ.
ಕಿಟಕಿಗೆ ಮೂಗೊತ್ತಿ ನಿಂತ ಹುಡುಗರು
ಉಸಿರಿನಿಂದ ಗಾಜು ಮಸುಕಾಗಿಸುತ್ತಾರೆ.

ನೀಲಿ ಇನ್ನೂರ ನಲವತ್ತಾರು.
ಬಿಳಿ ನೂರ ಇಪ್ಪತ್ತೇಳು.
ಕಂದು ಮೂವತ್ತೆಂಟು.
ಪಟ್ಟಿಯಲ್ಲಿ ಗುರುತು ಬಿದ್ದ ಹೆಸರು ನಾನೂರ ಹನ್ನೆರಡು.

ಮತ್ತೆ ಕೂಡಿದೆವು. ನಾನೂರ ಹನ್ನೊಂದು.
"ಒಂದು ತಾನೇ ಟೀಚರ್," ಅಂದ ನೀಲಿಯವನು,
"ಹೊತ್ತಾಯಿತು, ಏನು ವ್ಯತ್ಯಾಸ?"

ಗೋಲಿಯಾಟದಲ್ಲಿ ತೀರ ಸಣ್ಣವರನ್ನು
ಅಳದಿರಲೆಂದು ಸೇರಿಸಿಕೊಳ್ಳುತ್ತಿದ್ದೆವು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಎಸೆಯಲಿ, ಕುಣಿಯಲಿ, ಗೆದ್ದೆ ಅಂದುಕೊಳ್ಳಲಿ.
ಒಂದು ದಿನ ಅವರಿಗೂ ತಿಳಿಯುತ್ತಿತ್ತು.
ತಿಳಿದ ದಿನದ ಆ ಮುಖ
ನನಗೆ ಇನ್ನೂ ಮರೆತಿಲ್ಲ.

ಹೊಟ್ಟು ಸುರಿದೆವು, ಲಾಟೀನು ತಂದೆವು.
ಬೆರಳಲ್ಲಿ ಕೆದಕಿ, ಜರಡಿಯಲ್ಲಿ ಸೋಸಿ
ಕೊನೆಗೆ ಕಂದು ಡ್ರಮ್ಮಿನ ಅಂಚಿನ ಮಡಿಕೆಯಲ್ಲಿ
ಹೊಟ್ಟು ಮೆತ್ತಿಕೊಂಡು ಕೂತಿತ್ತು.

ಯಾರದೆಂದು ಯಾರಿಗೂ ಗೊತ್ತಿಲ್ಲ.
ಗೊತ್ತಾಗಲೂ ಕೂಡದು.
ಹೆಸರಿಲ್ಲ, ಆದರೂ ಲೆಕ್ಕಕ್ಕುಂಟು.

ಕಂದು ಕಡೆಯ ಏಜೆಂಟು ಯೋರೋ ಜಾಲೋ
ಅದನ್ನು ಅಂಗಿಯಂಚಿನಲ್ಲಿ ಒರೆಸಿ
ಮೂವತ್ತೊಂಬತ್ತನೇ ಕುಳಿಗೆ ತಾನೇ ಇಟ್ಟ.
ಸ್ವಲ್ಪ ಹೊತ್ತು ನೋಡಿದ.
"ಸೋತೆವು," ಅಂದ. ಪೆನ್ನು ಕೇಳಿದ.

ಗೆದ್ದವನ ಸಹಿಗೆ ಏನು ಬೆಲೆ,
ಅವನು ಖಾಲಿ ಹಾಳೆಗೂ ಹಾಕಿಯಾನು.
ನನಗೆ ಬೇಕಿದ್ದದ್ದು ಈ ಸಹಿ.

ಹೊರಗೆ ಮಾವಿನ ಬುಡದಲ್ಲಿ
ಕಣ್ಣು ಕಾಣದ ಫೋಡೇ ತುರೇ ಇನ್ನೂ ಕೂತಿದ್ದ.
ಬೆಳಗಿನಿಂದ ಗಂಟೆ ಎಣಿಸುವುದು ಅವನ ಹಟ.
"ಎಷ್ಟಾಯಿತು?" ಕೇಳಿದ.
ಹೇಳಿದೆ.
"ನನ್ನದು ನಾನೂರ ಒಂಬತ್ತು," ಅಂದ. ಯೋಚಿಸಿದ.
"ಊಟದ ಮೇಲೆ ಒಂದು ಸಣ್ಣ ನಿದ್ದೆ ಬಂದಿತ್ತು.
ಅದನ್ನೂ ಬರೆದುಕೋ."