ಅನಾಗತ

ಶನಿವಾರ ಗಾರ್ಮೆಂಟ್ಸ್ ಬಿಟ್ಟ ಕೂಡಲೇ ಮನೆಗೋಡಿ
ಅವನನ್ನು ಸೊಂಟಕ್ಕೇರಿಸಿ ಬಸ್ಸು ಹತ್ತುತ್ತೇನೆ.
ಒಂಬತ್ತು ವರ್ಷ. ಭಾರ.
‘ಇಷ್ಟು ದೊಡ್ಡವನನ್ನು ಎತ್ತಿಕೊಂಡಿದ್ದೀರಲ್ಲ’ ಅಂತಾರೆ
ಸೀಟು ಬಿಡದವರು.

ಹುಟ್ಟಿದ್ದು ತಡ. ಅತ್ತದ್ದು ಇನ್ನೂ ತಡ.
ಕತ್ತು ನಿಂತದ್ದು, ಕೂತದ್ದು, ಅಮ್ಮಾ ಅಂದದ್ದು
ಓರಗೆಯವರೆಲ್ಲ ಮುಗಿಸಿ ಹೋದ ಮೇಲೆ.
ಫೈಲಿನ ತುಂಬ ಅದೇ ಮಾತು,
ಒಬ್ಬೊಬ್ಬ ಡಾಕ್ಟರ ಒಂದೊಂದು ಕೈಬರಹದಲ್ಲಿ.
ಎಡಗೈ ಮುಷ್ಟಿ ಮಾತ್ರ ಬೇಗ ಮುಚ್ಚಿತು,
ತೆರೆದಿಲ್ಲ.

ಶ್ರೀರಾಂಪುರದ ಹಿಟ್ಟಿನ ಗಿರಣಿ ಮೇಲೆ
ನಂಜುಂಡಯ್ಯ ಮೇಷ್ಟ್ರ ಕೋಣೆ.
ಗಿರಣಿ ಓಡಿದರೆ ತಂಬೂರಿ ಬೇಡ ಅಂತಾರೆ,
ರಾಗಿಗೊಂದು ಶ್ರುತಿ, ಗೋಧಿಗಿನ್ನೊಂದು.
ಏಳು ಮಕ್ಕಳು. ಎರಡು ವೀಲ್‌ಚೇರು ಮೇಲೆತ್ತಲು
ಗಿರಣಿಯ ಸಲೀಂ ಮೈಮೇಲಿನ ಹಿಟ್ಟು ಕೊಡವಿಕೊಂಡು ಬರುತ್ತಾನೆ.
ಪಾಟರಿ ಟೌನಿನ ನೀರಿನ ಮಡಕೆಗಳು;
ಘಟ ಕೊಳ್ಳುವಷ್ಟು ದುಡ್ಡು ಯಾರ ಹತ್ತಿರ?

ಮೊದಮೊದಲು ನಾನು ಬಾಗಿಲಾಚೆ ಕೂತು ಕೇಳುತ್ತಿದ್ದೆ:
ಮೇಷ್ಟ್ರ ಚಪ್ಪಾಳೆ, ಎಲ್ಲರ ಕೈಯೂ ಮಡಕೆ ಮೇಲೆ,
ಆಮೇಲೆ, ಎಲ್ಲ ಆದ ಮೇಲೆ,
ಧುಂ.
ಅದು ನನ್ನ ಮಗ.
ಬೇರೆ ತಾಯಂದಿರ ಮುಖ ನೋಡಲಾರದೆ
ಬಾಗಿಲ ಬಳಿಯ ಚಪ್ಪಲಿ ಜೋಡಿಸುತ್ತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ:
‘ಸಾರ್, ಇವನದು ಯಾವಾಗಲೂ ತಡ. ಬಿಡಿಸಿಬಿಡಲಾ?’
ಮೇಷ್ಟ್ರು ಪಂಚೆಯ ತುದಿಯಲ್ಲಿ ಕನ್ನಡಕ ಒರೆಸಿದರು.
‘ಎಷ್ಟು ತಡ ಅಂತ ಅಳೆದಿದ್ದೀಯೇನಮ್ಮ?
ನಾನು ಅಳೆದಿದ್ದೇನೆ. ಅರ್ಧ ಅಕ್ಷರ.
ಪ್ರತಿ ಸಲವೂ ಅಷ್ಟೇ, ಕೆಳಗಿನ ತಕ್ಕಡಿಯೂ ಅಷ್ಟು ನಿಯತ್ತಿನದಲ್ಲ.
ತಾಳ ಮೊದಲು ಬಿದ್ದು ಹಾಡು ಆಮೇಲೆ ಎದ್ದರೆ
ನಮ್ಮಲ್ಲಿ ಅದನ್ನು ತಡ ಅನ್ನೋದಿಲ್ಲ,
ಅನಾಗತ ಅಂತೀವಿ.
ಅದು ಕೈಗೆ ಕೂರೋಕೆ ನನಗೆ ಆರು ವರ್ಷ ಬೇಕಾಯ್ತು.’

ಆಮೇಲೆ ಮಕ್ಕಳ ಕಡೆ ತಿರುಗಿ:
‘ಇವತ್ತು ಎಲ್ಲರೂ ಪ್ರಣೀತ ಎತ್ತಿದಲ್ಲಿ ಎತ್ತಬೇಕು.’

ಚಪ್ಪಾಳೆ ಬಿತ್ತು.
ಕೆಳಗೆ ರಾಗಿ ಬೀಸುತ್ತಿತ್ತು.
ಕಣ್ಣು ಕಾಣದ ರೆಹಾನಾ ಕತ್ತು ವಾಲಿಸಿದಳು,
ಗಳಿಗೆ ಸುಮ್ಮನಿರಲಾರದ ಜೋಯಲ್ ಕೂಡ ಉಸಿರು ಹಿಡಿದ.
ಒಂದು ಕೋಣೆ ತುಂಬ ಜನ ಅವನಿಗಾಗಿ ಕಾದರು,
ಅರ್ಧ ಅಕ್ಷರ.
ಮುಚ್ಚಿದ ಮುಷ್ಟಿ ಮಡಕೆಯ ಹೊಟ್ಟೆಗೆ ಇಳಿಯಿತು,
ಅದರ ಜೊತೆಗೇ ಆರು ಮಡಕೆ.

ಮುಷ್ಟಿ ಇನ್ನೂ ತೆರೆದಿಲ್ಲ. ಫೈಲು ದಪ್ಪವಾಗುತ್ತಲೇ ಇದೆ.
ಬಸ್ಸು ಈಗಲೂ ನಿಲ್ಲಿಸಿದ ಹಾಗೆ ಮಾಡಿ ಹೊರಟುಬಿಡುತ್ತದೆ.
ಹೋಗಲಿ.
ನಿಲ್ದಾಣದ ಕಂಬಿಗೆ ಅವನು ಬಾರಿಸುತ್ತಾನೆ,
ನಾನು ತೊಡೆಯ ಮೇಲೆ ಬೆರಳೆಣಿಸುತ್ತೇನೆ.
ಒಮ್ಮೊಮ್ಮೆ ನನ್ನದೇ ತಾಳ ತಪ್ಪುತ್ತದೆ;
ಅವನು ನಗುತ್ತಾನೆ,
ಅದೂ ಸ್ವಲ್ಪ ಆಮೇಲೆ.