ಅಂಚಿನಲ್ಲಿ ಪೆನ್ಸಿಲು

ಗ್ರಿಮ್ಸ್‌ಬಿಯ ಲೈಬ್ರರಿಯಲ್ಲಿ ನನ್ನ ಕೆಲಸ ಅಳಿಸುವುದು.
ಮಂಗಳವಾರ, ಶುಕ್ರವಾರ. ವಾಪಸು ಬಂದ ಪುಸ್ತಕಗಳ ಟ್ರಾಲಿ,
ಒಂದು ಬಿಳಿ ರಬ್ಬರು, ಪುಡಿ ಗುಡಿಸಲು ಕುಂಚ.
ಬಾಗಿಲು ತೆರೆದಾಗೆಲ್ಲ ಬಂದರಿನ ಮೀನು ವಾಸನೆ
ಕಾರ್ಡು ತೋರಿಸದೆ ಒಳಗೆ ಬಂದು ಕೂರುತ್ತದೆ.

ಕಾದಂಬರಿಗಳಲ್ಲಿ ಹೆಂಗಸರು ತುಂಬ ಚೆನ್ನಾಗಿ ಸಾಯುತ್ತಾರೆ.
ಕೆಮ್ಮಿ ಸಾಯುತ್ತಾರೆ, ಕೊಳಕ್ಕೆ ಇಳಿದು, ಹೆರಿಗೆಯಲ್ಲಿ,
ಕಿಟಕಿಯ ಬಳಿ ಕೂತು ಸುಮ್ಮನೆ;
ಇನ್ನೂರ ಎಂಬತ್ತನೆಯ ಪುಟದ ಆಸುಪಾಸು,
ಗಂಡಸಿಗೆ ಬುದ್ಧಿ ಬರುವಷ್ಟು ಪುಟ ಉಳಿಸಿ.
ಅದಕ್ಕೂ ಮೊದಲು ಕುತ್ತಿಗೆಗೆ ಒಂದು ಪ್ಯಾರಾ,
ಕೂದಲಿಗೆ ಒಂದೂವರೆ.
ಹಸಿವಿಗೆ ಒಂದು ಸಾಲೂ ಇಲ್ಲ.

ಯಾರೋ ಒಬ್ಬಳು (ಎಡಕ್ಕೆ ವಾಲಿದ ಅಕ್ಷರ, ಮೊಂಡು ಪೆನ್ಸಿಲು)
ಅಂಚಿನಲ್ಲಿ ಅವರ ಜೊತೆ ಮಾತಾಡುತ್ತಾಳೆ.
‘ಮೊದಲು ಏನಾದರೂ ತಿನ್ನು ಕಣೇ.’
‘ಅವನ ತಾಯಿಗೆ ಎಲ್ಲ ಗೊತ್ತಿತ್ತು.’
‘ಬೂಟು ಹಾಕಿಕೋ, ಹೊರಗೆ ಹಿಮ.’
‘ಆರೂ ನಲವತ್ತಕ್ಕೆ ಡಾಂಕಾಸ್ಟರಿಗೆ ರೈಲಿದೆ, ಓಡು.’
ಇಂಗ್ಲಿಷಿನಲ್ಲೇ ಬರೆದಿದ್ದಾಳೆ. ಆ ‘ಕಣೇ’ ಮಾತ್ರ ನನ್ನದು.

ಉಜ್ಜುತ್ತೇನೆ.
ರೈಲು ಬೂದಿ ಬಣ್ಣದ ಪುಡಿಯಾಗಿ ಉದುರುತ್ತದೆ ಮಡಿಲಿಗೆ.
‘ಮುಂದಿನವರಿಗೆ ಪುಟ ಶುಚಿಯಾಗಿರಬೇಕಲ್ಲ,’
ಎನ್ನುತ್ತಾರೆ ಮಿಸ್ಟರ್ ಹೋಲ್‌ರಾಯ್ಡ್. ಒಳ್ಳೆಯ ಮನುಷ್ಯ.
ನನಗೆ ಬಿಸ್ಕತ್ತು ಎತ್ತಿಡುತ್ತಾರೆ.

ರಾಣೆಬೆನ್ನೂರಿನಲ್ಲಿ ಸೋದರತ್ತೆ ಹೊಳೆಬಸವ್ವ
ಕಥೆಗೆ ಹೂಂಗುಟ್ಟುತ್ತಲೇ ನಡುವೆ ಬಾಯಿ ಹಾಕುತ್ತಿದ್ದಳು:
‘ಕಾಡಿಗೆ ಹೋದ್ಲು, ಖರೆ. ಆಕಿ ಉಂಡ್ಲೇನು?’
ಕಥಿ ಕೆಡಸಬ್ಯಾಡ ಅಂತ ಗಂಡಸರೆಲ್ಲ ಗದರುತ್ತಿದ್ದರು.
ನಾನೂ ನಕ್ಕಿದ್ದೆ. ಆಗ ಏಳು ವರ್ಷ ನನಗೆ.

ಕೌಂಟರಿನ ಕೊಲೀನ್ ಸಂಜೆ ಬಸ್ಸಿಗೆ ನಿಲ್ಲುವಾಗ
ಬೀಗದ ಕೈ ಬೆರಳ ಸಂದಿಯಲ್ಲಿ, ಮೊನೆ ಹೊರಗೆ.
ಆ ಕಾರು ಮೂರು ಸಲ ಅವಳ ಪಕ್ಕ ನಿಧಾನಿಸಿದೆ.
ದೂರು ಕೊಟ್ಟಳು. ಅವರು ಒಂದು ನಂಬರು ಕೊಟ್ಟರು,
ಉದ್ದದ್ದು, ಅವಳಿಗೆ ಬಾಯಿಪಾಠ.
ಯಾವ ಕೋಟು ಹಾಕಿದ್ದೆ ಎಂದು ಕೇಳಿದರಂತೆ.
ಅದನ್ನು ಬರೆದುಕೊಂಡರಂತೆ: ಕೆಂಪು.
‘ಮುಟ್ಟಿದ ಮೇಲೆ ಮೆಸೇಜು ಮಾಡು,’ ಎನ್ನುತ್ತೇನೆ ನಾನು.
‘ನೀನೂ,’ ಎನ್ನುತ್ತಾಳೆ ಅವಳು.

ಹೋದ ಶುಕ್ರವಾರದ ಪುಸ್ತಕದಲ್ಲಿ ಅಂಚೆಲ್ಲ ಖಾಲಿ.
ಬೇಸರವಾಯಿತು, ಸುಳ್ಳೇಕೆ ಹೇಳಲಿ.
ಕಡೆಯ ಪುಟದಲ್ಲಿ, ಅವಳು ಅವನನ್ನು ಕ್ಷಮಿಸುವ ಕಡೆ,
ಎಡಕ್ಕೆ ವಾಲಿದ ಅದೇ ಅಕ್ಷರ, ಇರುವೆ ಸಾಲಿನಷ್ಟು:
‘ಅಳಿಸುವವಳೇ, ಕತ್ತಲಾದ ಮೇಲೆ
ನೀನು ಮನೆಗೆ ಹೇಗೆ ಹೋಗುತ್ತೀ?’

ರಬ್ಬರು ಕೈಯಲ್ಲೇ ಇತ್ತು.
ಹೋಲ್‌ರಾಯ್ಡ್ ಕೆಟಲ್ ಇಡಲು ಹೋಗಿದ್ದರು.
ಪೆನ್ಸಿಲು ಹುಡುಕಿ, ಕೆಳಗೆ, ಕನ್ನಡದಲ್ಲೇ ಬರೆದೆ.
ಅವರು ನೋಡಿದರೂ ಬಳ್ಳಿಯ ಚಿತ್ರವೆಂದುಕೊಂಡಾರು;
ಅವಳಿಗೆ ತಿಳಿಯುತ್ತದೋ ಇಲ್ಲವೋ:

ಒಂಬತ್ತನೇ ನಂಬರಿನ ಬಸ್ಸು. ಜೊತೆಗೆ ಕೊಲೀನ್ ಇರುತ್ತಾಳೆ.
ನಿನ್ನ ಊಟ ಆಯಿತೇನು?