ರೈಟ್

ಮೂರನೇ ಮಾಳಿಗಿ, ಹನ್ನೊಂದನೇ ಕಾಟು.
ತಲಿಕಡೆ ಗ್ವಾಡಿಗೆ ಕೆಂಪು ಅಕ್ಷರದ ಚೀಟಿ:
ಬಾಯಿಂದ ಏನೂ ಕೊಡಬ್ಯಾಡ್ರಿ.
ಅದರ ಕೆಳಗ ದ್ಯಾಮಣ್ಣ ಬಡಿಗೇರ,
ಹುಬ್ಬಳ್ಳಿ–ಗದಗ ಗಾಡಿಯ ಕಂಡಕ್ಟರ.
ಮೂಗಿನಾಗ ನಳಿಗಿ,
ಬಲಗೈ, ಯಾರೋ ಸೀಟಿನ ಮ್ಯಾಲೆ ಮರೆತು ಇಳಿದುಹೋದ ಚೀಲ.

ಹೆಸರೇನ್ರಿ? ರೈಟ್.
ತಲಿ ನೋಯಾಕತ್ತೇತೇನು? ರೈಟ್.
ಇವರು ಯಾರು?
ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ಮುಂದ ಬಂದು ನಿಂತಳು.
ರೈಟ್, ರೈಟ್.
ಉಳಿದ ಶಬ್ದ ಎಲ್ಲಾ ಯಾವುದೋ ಸ್ಟಾಪಿನಾಗ ಇಳದಾವ,
ಇದೊಂದು ಫುಟ್‌ಬೋರ್ಡಿಗೆ ಜೋತುಬಿದ್ದೈತಿ.

‘ಮಾತಿನ ಮೇಡಂ ಬಂದ್ರು’ ಅಂತಾರ ಸಿಸ್ಟರು.
ನಾ ಬಂದದ್ದು ಮಾತಿಗಲ್ಲ, ಮೊದಲು ಗುಟುಕಿಗೆ.
ಚಮಚ ನೀರಿಗೆ ಪುಡಿ ಕಲಿಸಿ
ಅಂಬಲಿಯಷ್ಟು ಮಂದ ಮಾಡಿ
ಮೂರು ಬೆರಳು ಅವನ ಗಂಟಲ ಮ್ಯಾಲಿಟ್ಟು ಕಾಯತೀನಿ.
ಗಂಟಲಮಣಿ ಏಳಬೇಕು.
ಎದ್ದರ ಅನ್ನದ ದಾರಿ, ತಡಾ ಆದರ ಉಸಿರಿನ ದಾರಿ.
ನೀರಡಿಸಿ ಅಳತಿದ್ದ ಅಂತ
ಸಾವಂತ್ರೆವ್ವ ಒಂದಿನ ಕದ್ದು ಚಹಾ ಕುಡಿಸಿದ್ದಳು.
‘ಎರಡಽ ಗುಟುಕರೀ ಮೇಡಂ.’
ಎರಡು ಗುಟುಕಿಗೆ ಐದು ದಿನ ಜ್ವರ.

ಹದಿನೆಂಟನೇ ದಿನ, ನಾಕನೇ ಚಮಚ ತುಟಿಗೆ ಒಯ್ದೆ.
ಎಡಗೈ ಎದ್ದಿತು.
ತುಟಿ ದುಂಡಗಾತು, ನಾಲಿಗಿ ಕತ್ತಲದಾಗ ತಡಕಾಡಿತು.
‘ಹೋ... ಹೋಲ್ಡ.’

ಚಮಚ ಅಲ್ಲೇ ನಿಂತಿತು.

‘ಒಲ್ಲೆ ಅಂದ್ರೀ! ಕೇಳಿದ್ರಿಲ್ಲೋ? ಒಲ್ಲೆ ಅಂದ!’
ಸಾವಂತ್ರೆವ್ವ ಹತ್ತನೇ ಕಾಟಿಗೂ ಹೇಳಿದಳು, ಹನ್ನೆರಡನೇದಕ್ಕೂ.
ಗಂಡ ಉಣ್ಣಾಕ ಒಲ್ಲೆ ಅಂದದ್ದಕ್ಕ ಹಿಗ್ಗಿದಾಕಿ
ಈ ವಾರ್ಡಿನಾಗ ಈಕಿ ಒಬ್ಬಾಕೆ.

ಕೇಸ್ ಶೀಟಿನಾಗ ಬರದೆ: ಹೊಸ ಶಬ್ದ, ಒಂದು.
ಮುಕ್ಕಾಲು ಅಂತ ಬರೀಬೇಕಿತ್ತೇನೋ.
ತನ್ನ ಹೆಸರು ಅವಗಿನ್ನೂ ಸಿಕ್ಕಿಲ್ಲ. ಆಕಿದೂ ಇಲ್ಲ.

ಸಂಜಿಗೆ ಧಾರವಾಡದ ಚಿಗರಿ ಬಸ್ಸು.
ಕಂಡಕ್ಟರ ಇಲ್ಲ, ಬಾಗಿಲ ತಾನ ತಗೀತೈತಿ.
ಎಲ್ಲೋ ಅಡಗಿದ ಹೆಣ್ಣುದನಿ ಒಂದೂ ತಪ್ಪದ ಹೇಳತೈತಿ,
ನವನಗರ, ರಾಯಾಪುರ, ಸತ್ತೂರು.
ಎದುರಿನ ಹುಡುಗ ಶೇಂಗಾ ತಿನ್ನಾಕತ್ಯಾನ,
ಲಕ್ಷ್ಯ ಎಲ್ಲಾ ಫೋನಿನ ಮ್ಯಾಲೆ.
ಗಂಟಲಮಣಿ ಏರತೈತಿ, ಇಳಿತೈತಿ, ಏರತೈತಿ,
ಅವಗ ಗೊತ್ತಽ ಇಲ್ಲ.
ನನ್ನ ಮೂರು ಬೆರಳು ಬ್ಯಾಗಿನ ಹಿಡಿಕಿ ಮ್ಯಾಲೆ
ಎಣಸಾಕತ್ತಾವ.